ಎರಡು ಡಾಲರಿಗೆ ಒಂದು ಗುಡ್ಡೆ ವಿಶೇಷಣ

ಸುವಾ ಮಾರುಕಟ್ಟೆಯಲ್ಲಿ ಉಲಾಮಿಲಾ ಅತ್ತೆಯ ವಯಸ್ಸು ಕೇಳಿ, ಆಮೇಲೂ ಎರಡು ಕಿವಿಗಳನ್ನು ತಲೆಗೆ ಅಂಟಿಸಿಕೊಂಡೇ ಓಡಾಡುತ್ತಿರುವ ಗಂಡಸು ಒಬ್ಬನೇ ಒಬ್ಬ. ಅವನ ಹೆಸರು ಪೆನಾಯಾ. ಈ ಸಾಹಸವನ್ನು ಅವನು ಧೈರ್ಯಕ್ಕೆ ಮಾಡಿದ್ದಲ್ಲ, ವಿದ್ಯೆಗಾಗಿ ಮಾಡಿದ್ದು. ವಿದ್ಯೆ ಮನುಷ್ಯನನ್ನು ಎಂತೆಂಥ ಅಪಾಯಕ್ಕೆ ದೂಡುತ್ತದೆ ಎಂದು ತಿಳಿದೇ ನಾನು ಎಂಟನೆಯ ತರಗತಿಗೆ ಅದನ್ನು ಬಿಟ್ಟುಬಿಟ್ಟೆ.

ನಾನು ಬಿಸುನ್ ದಯಾಳ್. ನಮ್ಮ ದ್ವೀಪದ ಈ ಮಾರುಕಟ್ಟೆಯ ಮೇಲಂತಸ್ತಿನಲ್ಲಿ, ನೀರಿಗೆ ಕಲಸಿ ಕುಡಿಯುವ ಯಂಗೋನಾ ಬೇರಿನ ಪುಡಿ, ಮಸಾಲೆ ಸಾಮಾನು ಮಾರುತ್ತೇನೆ. ಅಂಗಡಿಯ ಮುಂದಿನ ಕಟಕಟೆಗೆ ಒರಗಿ ನಿಂತರೆ ಕೆಳಗಿನ ಇಡೀ ಮಾರುಕಟ್ಟೆ ಕಾಣುತ್ತದೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಕಾಣದೆ ಇದ್ದದ್ದನ್ನು ಇನ್ನೂ ಚೆನ್ನಾಗಿ ಹೇಳಬಲ್ಲೆ.

ನಮ್ಮಲ್ಲಿ ತಕ್ಕಡಿಗಿಂತ ಗುಡ್ಡೆಗೆ ಮರ್ಯಾದೆ ಹೆಚ್ಚು. ಟಮಾಟೆ, ಬದನೆ, ಮರಗೆಣಸು, ಕೆಸುವಿನ ಗೆಡ್ಡೆ ಎಲ್ಲವನ್ನೂ ಗುಡ್ಡೆ ಹಾಕಿ, ಗುಡ್ಡೆಗೆ ಇಷ್ಟು ಎಂದು ಮಾರುತ್ತಾರೆ. ಗುಡ್ಡೆ ಶಾಸ್ತ್ರ ಚಿಕ್ಕದು: ಹೊಳೆಯುವುದು ಮೇಲೆ, ಹುಳುಕು ಅಡಿಯಲ್ಲಿ. ಆ ಅಡಿಯನ್ನು ಮಗುಚಿ ನೋಡುವುದೇ ಪೆನಾಯಾನ ಉದ್ಯೋಗ. ಇಪ್ಪತ್ತೆರಡು ವರ್ಷದಿಂದ ತೂಕ ಮತ್ತು ಗುಡ್ಡೆಗಳ ಇನ್ಸ್‌ಪೆಕ್ಟರ್. ಅವನು ಗುಡ್ಡೆಯ ಮುಂದೆ ಬಗ್ಗಿದರೆ ಟಮಾಟೆ ತಾನಾಗಿ ಕೆಂಪಾಗುತ್ತದೆ ಎಂದು ಹೆಂಗಸರು ಆಡಿಕೊಳ್ಳುತ್ತಾರೆ.

ಇಂಥ ಸುಖಿಗೆ ಮೂರು ವರ್ಷದ ಹಿಂದೆ ಒಂದು ಚಪಲ ಹತ್ತಿತು. ಭಾವಮೈದುನನ ಮನೆಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟು ಕಂಡದ್ದೇ ಕಾರಣ. ಅದು ಕೋಳಿ ಸಾಕಣೆಯದು. ಆದರೂ ಚೌಕಟ್ಟು ಚೌಕಟ್ಟೇ. ಗುಡ್ಡದ ಮೇಲಿನ ಸಂಜೆ ಕಾಲೇಜಿನಲ್ಲಿ 'ಪತ್ರಿಕಾ ಬರವಣಿಗೆ' ಎಂಬ ತರಗತಿಗೆ ಪೆನಾಯಾ ಸೇರಿಕೊಂಡ. ಕಂಕುಳಲ್ಲಿ ಒಂದು ಫೈಲು, ಕೊರಳಲ್ಲಿ ಒಂದು ಟೈ ಬಂದವು. ಎಲ್ಲ ವಿಷಯಗಳೂ ಹೇಗೋ ಮುಗಿದವು. ಕೊನೆಯದೊಂದು ಮಾತ್ರ ಎರಡು ಸಲ ಕೈಕೊಟ್ಟಿತು. ಮೂರನೆಯ ಸಲವೂ ಫೇಲಾದರೆ ಫೈಲು ಸಮೇತ ಮನೆಗೆ.

ಇದಾದರೂ ಪರವಾಗಿರಲಿಲ್ಲ. ಒಂದು ದಿನ ನನ್ನ ಅಂಗಡಿಯಲ್ಲಿ ಆರು ತೆಂಗಿನ ಚಿಪ್ಪು ಯಂಗೋನಾ ಕುಡಿದು ಹೋದವನು ಹೆಂಡತಿಗೆ "ಪಾಸಾದ ಹಾಗೇ ಲೆಕ್ಕ" ಎಂದು ಹೇಳಿದ. ಯಂಗೋನಾ ನಾಲಿಗೆಯನ್ನು ಮರಗಟ್ಟಿಸುತ್ತದೆ. 'ಪಾಸಾದ' ಎಂಬುದು ಹೊರಗೆ ಬಂತು, ಮಿಕ್ಕದ್ದು ಹಲ್ಲಿನ ಒಳಗೇ ಉಳಿಯಿತು. ಹೆಂಡತಿ ವಾಸೀತಿ ಮರುದಿನವೇ ಅರವತ್ತು ಜನಕ್ಕೆ ಊಟಕ್ಕೆ ಹೇಳಿ, ಒಂದು ಹಂದಿ ತಂದು ಹಿತ್ತಲಿನ ದೀವಿಹಲಸಿನ ಮರಕ್ಕೆ ಕಟ್ಟಿದಳು. ಶನಿವಾರ ನೆಲ ಅಗೆದು, ಕಲ್ಲು ಕಾಯಿಸಿ, ಅದರಲ್ಲಿ ಹೂತು ಬೇಯಿಸುವ ಲೋವೊ ಊಟ. ಕೊನೆಯ ವಿಷಯದ ಪರೀಕ್ಷೆ ಇದ್ದದ್ದು ಗುರುವಾರ.

"ಬಿಸುನ್ ಭಾಯ್, ನಾನು ಫೇಲಾದ್ರೆ ಆ ಹಂದಿ ಮುಖ ಹೇಗೆ ನೋಡ್ಲಿ?" ಎಂದ ಪೆನಾಯಾ, ಭಾನುವಾರ ಚರ್ಚು ಮುಗಿಸಿಕೊಂಡು ನನ್ನ ಮನೆಗೇ ಬಂದು.

"ನೀನು ಪಾಸಾದ್ರೆ ಅದು ನಿನ್ನ ಮುಖ ಹೇಗೆ ನೋಡ್ಬೇಕು, ಅದನ್ನ ಯೋಚ್ನೆ ಮಾಡು" ಎಂದೆ.

ಅವನಿಗೆ ನಗು ಬರಲಿಲ್ಲ. ಫೈಲಿನಿಂದ ಒಂದು ಪತ್ರಿಕೆ ತೆಗೆದ. ಸಿಡ್ನಿಯಲ್ಲಿ ಅಚ್ಚಾದದ್ದು. ಹದಿನಾಲ್ಕನೆಯ ಪುಟದಲ್ಲಿ ಡಂಕನ್ ಎಂಬಾತ ನಮ್ಮ ಊರಿನ ಮೇಲೆ ಬರೆದಿದ್ದ ಪ್ರವಾಸ ಲೇಖನ, ಜೊತೆಗೆ ಒಂದು ಚಿತ್ರ. ಅದರ ಭಾಷೆ ಮತ್ತು ಶೈಲಿಯನ್ನು ವಿಶ್ಲೇಷಿಸಿ ತರಗತಿಯ ಮುಂದೆ ಕಾಲು ಗಂಟೆ ಮಾತಾಡಬೇಕು. ಪೆನಾಯಾ ಗಂಟಲು ಸರಿಮಾಡಿಕೊಂಡು ಓದಿದ:

"ಬಿಸಿಲಿನಲ್ಲಿ ಮಿಂದ, ಕಾಲವೇ ನಿಂತುಹೋದ, ನಗುವಿನ ನಗರಿ ಸುವಾ! ಇಲ್ಲಿಯ ಬಣ್ಣಬಣ್ಣದ, ಮನಮೋಹಕ ಮಾರುಕಟ್ಟೆಯಲ್ಲಿ, ಕಡಲಗಾಳಿಗೆ ಸವೆದ ಪುರಾತನ ಮುದುಕಿಯೊಬ್ಬಳು ಟಮಾಟೆಗಳ ಹಿಂದೆ ಕುಳಿತು, ಯುಗಯುಗಗಳ ನಿಗೂಢ ನಗೆ ಬೀರುತ್ತಾಳೆ. ಆ ನಗುವಿಗೆ ಬೆಲೆಯಿಲ್ಲ."

"ಚೆನ್ನಾಗೇ ಇದೆಯಲ್ಲೋ. ಇದು ಯಾವ ಊರು?" ಎಂದೆ.

"ಅದೇ ಕಷ್ಟ ಭಾಯ್. ಶಿವಕುಮಾರಿ ಮೇಡಂ ಹೇಳಿದಾರೆ, ಒಂದೊಂದು ಪದಾನೂ ತೂಗಿ ನೋಡಿ ಅಂತ."

ಉಪನ್ಯಾಸಕಿ ಶಿವಕುಮಾರಿ ಮೇಡಂ ಇದನ್ನು ಎಲ್ಲರಿಗೂ ಹೇಳುತ್ತಿದ್ದರು. ಉಳಿದ ವಿದ್ಯಾರ್ಥಿಗಳು ಹಾಗೆಂದರೆ ಏನೆಂದು ತಿಳಿದುಕೊಂಡು ಸುಮ್ಮನೆ ಮನೆಯಲ್ಲಿ ಕೂತು ಬರೆದರು. ಆದರೆ ತೂಗುವುದನ್ನೇ ಇಪ್ಪತ್ತೆರಡು ವರ್ಷ ಕಸುಬು ಮಾಡಿಕೊಂಡವನಿಗೆ ಈ ಮಾತು ಹೇಳಬಾರದಿತ್ತು.

ಸೋಮವಾರ ಅವನು 'ಬಿಸಿಲಿನಲ್ಲಿ ಮಿಂದ' ಎಂಬುದನ್ನು ತೂಗಲು ಕಡಲಗೋಡೆಯ ಮೇಲೆ ಕೂತ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಮಳೆ ಸುರಿಯಿತು. ಬಿಸಿಲು ಬಂದದ್ದು ಹನ್ನೊಂದು ನಿಮಿಷ, ಅದೂ ಅವನು ಮೂತ್ರಕ್ಕೆ ಹೋಗಿದ್ದಾಗ. ಮಂಗಳವಾರ 'ಕಾಲ ನಿಂತುಹೋದ' ಎಂಬುದನ್ನು ಹಿಡಿದು ಊರಿನ ಗಡಿಯಾರಗಳನ್ನೆಲ್ಲ ನೋಡುತ್ತ ಬಂದ. ಯಾವುದೂ ನಿಂತಿರಲಿಲ್ಲ. ಒಂದು ಮಾತ್ರ ನಾಲ್ಕು ನಿಮಿಷ ಮುಂದೆ ಓಡುತ್ತಿತ್ತು.

"ಇಲ್ಲಿ ಕಾಲ ಯಾವಾಗಾದ್ರೂ ನಿಂತಿತ್ತಾ?" ಎಂದು ಆ ಗಡಿಯಾರದ ಕಟ್ಟಡದ ಕಾವಲುಗಾರನನ್ನು ಕೇಳಿದನಂತೆ.

"ನಿಂತ್ರೆ ನಾನು ಮನೆಗೆ ಹೋಗೋದು ಯಾವಾಗಪ್ಪ?" ಎಂದನಂತೆ ಅವನು. ಪೆನಾಯಾ ಅದನ್ನೂ ಬರೆದುಕೊಂಡ.

ಬುಧವಾರ ನಗುವಿನ ಸರದಿ. ಬೆಳಿಗ್ಗೆ ಒಂಬತ್ತಕ್ಕೆ ಮಾರುಕಟ್ಟೆಯ ಮಧ್ಯೆ ನಿಂತು, ಯಾರು ನಕ್ಕರೂ ಪುಸ್ತಕದಲ್ಲಿ ಒಂದು ಗೀಟು ಎಳೆಯತೊಡಗಿದ. ಒಬ್ಬ ಇನ್ಸ್‌ಪೆಕ್ಟರ್ ತಮ್ಮ ಬಾಯಿಯನ್ನೇ ನೋಡಿ ಗೀಟು ಎಳೆಯುತ್ತಿದ್ದರೆ ಜನ ಎಷ್ಟು ಹೊತ್ತು ನಗುತ್ತಾರೆ? ಹತ್ತು ಗಂಟೆಗೆ ಅವನು ಉಲಾಮಿಲಾ ಅತ್ತೆಯ ಮುಂದೆ ಬಂದು ನಿಂತ.

ಅತ್ತೆಯ ವಿಷಯ ಎರಡು ಮಾತು. ಟಮಾಟೆ ಸಾಲಿಗೆ ಅವಳು ಒಡತಿ, ಚರ್ಚಿನ ಹಾಡಿಗೆ ಮೊದಲ ದನಿ. ಎಲ್ಲರಿಗೂ ಹೇಗೋ ಸುತ್ತಿ ಬಳಸಿ ಅತ್ತೆಯಾಗುತ್ತಾಳೆ. ಅವಳ ಗುಡ್ಡೆಯ ಅಡಿಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಒಂದು ಹುಳುಕೂ ಸಿಕ್ಕಿರಲಿಲ್ಲ. ಲೇಖನದ ಚಿತ್ರದಲ್ಲಿ ಇದ್ದದ್ದು ಅವಳೇ, ಆದರೆ ಅದು ಅವಳಿಗೆ ಗೊತ್ತಿರಲಿಲ್ಲ.

"ಅತ್ತೆ, ನಿಮಗೆ ವಯಸ್ಸೆಷ್ಟು?" ಎಂದ ಪೆನಾಯಾ.

ನನ್ನ ಕೈಯಲ್ಲಿದ್ದ ಜೀರಿಗೆಯ ಪೊಟ್ಟಣ ಜಾರಿತು.

"ಯಾಕೋ?" ಎಂದಳು ಅತ್ತೆ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ಅಕ್ಕಪಕ್ಕದವರು ಬುಟ್ಟಿ ಸರಿಸಿಕೊಳ್ಳುತ್ತಾರೆ.

"ಪರೀಕ್ಷೆಗೆ ಅತ್ತೆ."

"ಯಾರ ಪರೀಕ್ಷೆಗೆ?"

ತನ್ನ ಪರೀಕ್ಷೆ ಎಂದರೆ ಮಧ್ಯಾಹ್ನದೊಳಗೆ ವಾಸೀತಿಯ ಕಿವಿಗೆ ಬೀಳುತ್ತದೆ. ಪೆನಾಯಾ ಟೈ ಸರಿಮಾಡಿಕೊಂಡ. "ಅದನ್ನ ಹೇಳೋ ಹಾಗಿಲ್ಲ. ವಯಸ್ಸು ಒಂದು, ನಗು ಒಂದು. ನಿಮ್ಮ ನಗುವಿಗೆ ಬೆಲೆ ಇಲ್ಲ ಅಂತ ಮೇಲಿನವರು ಬರೆದಿದಾರೆ. ಬೆಲೆ ಇಲ್ಲದ ಪದಾರ್ಥ ಮಾರ್ಕೆಟ್ಟಲ್ಲಿ ಇರ್ಬಾರ್ದಲ್ಲ? ಅದಕ್ಕೇ ತೂಗ್ತಾ ಇದೀನಿ."

ನಮ್ಮಲ್ಲಿ 'ಪರೀಕ್ಷೆ' ಎಂದರೆ ಒಂದೇ ಅರ್ಥ. ಆರೋಗ್ಯದವರು ಬಂದು ಸೀಸೆಯಲ್ಲಿ ಸ್ವಲ್ಪ ತುಂಬಿಕೊಂಡು ಹೋಗುತ್ತಾರೆ, ವಾರದ ಮೇಲೆ ಒಂದು ಕಾಗದ ಬರುತ್ತದೆ, ಅಂಗಡಿ ಮುಚ್ಚುತ್ತದೆ. ನನ್ನ ಯಂಗೋನಾ ಎರಡು ಸಲ ಪರೀಕ್ಷೆಗೆ ಹೋಗಿದೆ. ಪಕ್ಕದ ಬದನೆಕಾಯಿ ಲೊಸಾಲಿನಿ ಕುತ್ತಿಗೆ ಚಾಚಿದಳು.

"ಅಯ್ಯೋ, ನಗೂನೂ ಪರೀಕ್ಷೆಗೆ ಕಳಿಸ್ತಾರಂತಾ?"

ಸುದ್ದಿ ಹೊರಟಿತು. ಕೆಸುವಿನ ಗೆಡ್ಡೆಯ ಸಾಲಿಗೆ ಬರುವಾಗ ನಗುವಿಗೆ ಪರವಾನಗಿ ಬೇಕಾಗಿತ್ತು. ಅನಾನಸಿನ ಸಾಲಿನಲ್ಲಿ, ಹಲ್ಲು ಬಿದ್ದವರ ನಗುವಿಗೆ ಅರ್ಧ ಬೆಲೆ ಎಂದಾಯಿತು. ಮೆಟ್ಟಿಲು ಹತ್ತಿ ನನ್ನ ಬಳಿಗೆ ಬರುವಾಗ, ಐವತ್ತು ದಾಟಿದವರನ್ನು ಎಬ್ಬಿಸಿ, ಚೆನ್ನಾಗಿ ನಗುವ ಹುಡುಗಿಯರನ್ನು ಕೂರಿಸುತ್ತಾರೆ ಎಂದು ತೀರ್ಮಾನವಾಗಿತ್ತು. ನಾನು ಬಾಯಿ ಬಿಟ್ಟಿದ್ದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಗುಟ್ಟು ಕಾಯುತ್ತೇನೆಂದು ಪೆನಾಯಾನಿಗೆ ಮಾತು ಕೊಟ್ಟಿದ್ದೆ. ಅದೂ ಅಲ್ಲದೆ, ಮುಂದೇನಾಗುತ್ತದೆ ಎಂದು ನೋಡುವ ಆಸೆ ನನಗೂ ಇತ್ತು.

ಹನ್ನೊಂದಕ್ಕೆ ಇಡೀ ಮಾರುಕಟ್ಟೆಯ ಬಾಯಿ ಮುಚ್ಚಿತು. ಅದೇ ಹೊತ್ತಿಗೆ ಬಂದರಿನಲ್ಲಿ ಪ್ರವಾಸಿ ಹಡಗು ನಿಂತಿತು. ದಂಪತಿಗಳಿಬ್ಬರು ಅದೇ ಪತ್ರಿಕೆ ಹಿಡಿದು, ಚಿತ್ರಕ್ಕೂ ಅತ್ತೆಗೂ ಕಣ್ಣು ಓಡಾಡಿಸುತ್ತ ಬಂದರು. ಅತ್ತೆ ಸೆರಗಿಲ್ಲದ್ದಕ್ಕೆ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡಳು. ಆ ಹೆಂಗಸು ನಕ್ಕು ತೋರಿಸಿದಳು. ಅತ್ತೆ ಕದಲಲಿಲ್ಲ. ಗಂಡ ಟೋಪಿ ತಲೆಕೆಳಗು ಮಾಡಿ ಇಟ್ಟುಕೊಂಡು ಕುಣಿದ.

"ಪರೀಕ್ಷೆ ಮುಗಿಯೋವರ್ಗೂ ಇಲ್ಲ ಕಣಪ್ಪ. ಟಮಾಟೆ ಬೇಕಾದ್ರೆ ತಗೋ" ಎಂದಳು ಅತ್ತೆ ಟವೆಲ್ಲಿನೊಳಗಿಂದ.

ಹದಿನಾಲ್ಕನೆಯ ಪುಟದ ನಗು ಎಲ್ಲಿ ಎಂದು ಆ ದಂಪತಿ ನೇರ ಮಾರ್ಕೆಟ್ ಮಾಸ್ಟರ್ ವಿಲಿಸೋನಿಯ ಕೋಣೆಗೆ ಹೋಗಿ ಕೇಳಿದರು. ವಿಲಿಸೋನಿ ಹೊರಗೆ ಬಂದು ನೋಡಿದರೆ ಸಾಲು ಸಾಲು ಗಂಟುಮುಖ. ಪೆನಾಯಾನನ್ನು ಕರೆಸಿದ.

"ಏನಯ್ಯಾ ಮಾಡಿದೀಯ ಇವರಿಗೆ?"

"ಗೀಟು ಎಳೆದೆ ಸರ್, ಅಷ್ಟೇ."

"ನಾಳೆ ಸಂಜೆಯೊಳಗೆ ಇವರೆಲ್ಲ ನಗ್ಬೇಕು. ಇಲ್ಲ ಅಂದ್ರೆ ಸೋಮವಾರದಿಂದ ನೀನು ಬಸ್ ನಿಲ್ದಾಣದ ಕಕ್ಕಸಿನ ಮುಂದೆ ಚೀಟಿ ಹರೀತಾ ಕೂತ್ಕೋತೀಯ. ಅಲ್ಲಿ ಯಾರ ಮುಖ ಬೇಕಾದ್ರೂ ತೂಗು."

ಗುರುವಾರ ಐದು ಗಂಟೆಗೆ ಪರೀಕ್ಷೆ. ನಾಲ್ಕಕ್ಕೆ ಪೆನಾಯಾ ಯಾರಿಗೂ ಕಾಣದಂತೆ ಮೀನಿನ ಕಟ್ಟೆಯ ಹಿಂದಿನಿಂದ ಜಾರಿಕೊಂಡ. ಅದೇ ಹೊತ್ತಿಗೆ ಅವನ ಹೆಂಡತಿ ವಾಸೀತಿ ಶನಿವಾರದ ಅಡುಗೆಗೆ ತೆಂಗಿನಕಾಯಿ ಕೊಳ್ಳಲು ಬಂದಳು. ಅತ್ತೆ ಅವಳನ್ನು ತಡೆದು ನಿಲ್ಲಿಸಿದಳು.

"ಎಲ್ಲಮ್ಮಾ ನಿನ್ನ ಗಂಡ?"

"ಕಾಲೇಜಿಗೆ ಹೋಗಿರ್ಬೇಕು, ಫೈಲಿನ ಮೇಲೆ ಗುರುವಾರ ಪರೀಕ್ಷೆ ಅಂತ ಬರೆದಿತ್ತು... ಅಲ್ಲ, ಪರೀಕ್ಷೆ ಪಾಸಾಗಿ ವಾರವಾಯ್ತಲ್ಲ? ಮತ್ತೆ ಯಾವ ಪರೀಕ್ಷೆ?"

"ನಮ್ಮದು ಕಣಮ್ಮ! ನಮ್ಮ ನಗುವಿನ ಪರೀಕ್ಷೆ ಕಾಗದ ಅಲ್ಲಿ ಓದ್ತಾನೆ ಅಂತ ಕಾಣ್ಸುತ್ತೆ. ಏಳ್ರೇ ಎಲ್ಲಾ!"

ನಲವತ್ತು ಹೆಂಗಸರು, ಒಂದು ಬಸ್ಸು. ಸಾಕ್ಷಿಗೆಂದು ಅತ್ತೆ ಒಂದು ಬುಟ್ಟಿ ಟಮಾಟೆಯನ್ನೂ ಹತ್ತಿಸಿಕೊಂಡಳು. ನಾನು ಅಂಗಡಿಗೆ ಬಾಗಿಲು ಹಾಕಿ ಹಿಂದಿನ ಸೀಟಿನಲ್ಲಿ ಕೂತೆ. ಇಷ್ಟಾದ ಮೇಲೆ ಕೊನೆ ನೋಡದೆ ಇರುವುದು ನನ್ನಿಂದಾಗದ ಮಾತು.

ನಾವು ಹೋಗುವಷ್ಟರಲ್ಲಿ ಪೆನಾಯಾನ ಸ್ಥಿತಿ ಆಗಲೇ ಕೆಟ್ಟಿತ್ತು. ದಾರಿಯಲ್ಲಿ ಸುರಿದ ಮಳೆ ಅವನ ಫೈಲಿಗೆ ನುಗ್ಗಿ, ಬರೆದದ್ದೆಲ್ಲ ಒಂದೇ ನೀಲಿ ಕೆಸರಾಗಿತ್ತು. ಶಿವಕುಮಾರಿ ಮೇಡಂ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. "ಶುರು ಮಾಡಿ ಪೆನಾಯಾ. ಮೂರು ನಿಮಿಷ ಆಗಲೇ ಹೋಯ್ತು."

"ಮೇಡಂ... ಬಿಸಿಲು ಹನ್ನೊಂದು ನಿಮಿಷ ಇತ್ತು," ಎಂದ ಪೆನಾಯಾ. ಮುಂದಿನ ಹಾಳೆ ಮಗುಚಿದ, ಅದೂ ನೀಲಿ.

ಆಗ ಬಾಗಿಲು ತೆರೆದು ನಲವತ್ತು ಹೆಂಗಸರು ಒಳಗೆ ಬಂದರು. ಹನ್ನೊಂದು ವಿದ್ಯಾರ್ಥಿಗಳು ಗೋಡೆಗೆ ಒತ್ತರಿಸಿಕೊಂಡರು.

"ಓದೋ ನಮ್ಮ ಪರೀಕ್ಷೆ ಕಾಗದ!" ಎಂದಳು ಅತ್ತೆ. "ನನ್ನ ನಗುವಲ್ಲಿ ಏನು ಹುಳುಕು ಸಿಕ್ತು, ಎಲ್ಲರ ಮುಂದೆ ಹೇಳು!"

ಪೆನಾಯಾ ಅತ್ತೆಯನ್ನು ನೋಡಿದ. ಅವಳ ಹಿಂದೆ ನಿಂತಿದ್ದ ವಾಸೀತಿಯನ್ನು ನೋಡಿದ. ಆಮೇಲೆ ಟಮಾಟೆ ಬುಟ್ಟಿ ನೋಡಿದ. ಬುಟ್ಟಿ ಕಂಡ ಕೂಡಲೇ ಅವನ ಬೆನ್ನು ನೇರವಾಯಿತು. ಕಾಗದ ಪಕ್ಕಕ್ಕೆ ಎಸೆದು, ಟಮಾಟೆ ತೆಗೆದು ಮೇಡಂ ಮೇಜಿನ ಮೇಲೆ ಸರಸರನೆ ಗುಡ್ಡೆ ಹಾಕಿದ.

"ಮೇಡಂ, ಪ್ರವಾಸ ಬರೆಯೋರ ಶೈಲಿ ಅಂದ್ರೆ ಗುಡ್ಡೆ. ಮೇಲೆ 'ಮನಮೋಹಕ' ಇಡ್ತಾರೆ, 'ಬಣ್ಣಬಣ್ಣ' ಇಡ್ತಾರೆ, 'ನಿಗೂಢ' ಇಡ್ತಾರೆ. ಕೊಳ್ಳೋನು ಮೇಲಿಂದ ನೋಡ್ತಾನೆ, ಆಹಾ ಅಂತಾನೆ, ದುಡ್ಡು ಕೊಟ್ಟು ವಿಮಾನ ಹತ್ತುತಾನೆ. ಅಡೀಲಿ ಏನಿದೆ ಅಂತ ಯಾರೂ ಮಗುಚಲ್ಲ. ನಾನು ಮಗುಚಿದೆ."

"ಏನು ಸಿಕ್ತು?" ಎಂದರು ಮೇಡಂ, ಪೆನ್ನು ಕೈಗೆತ್ತಿಕೊಂಡು.

"ಏನೂ ಸಿಗ್ಲಿಲ್ಲ ಮೇಡಂ. ಈ ಲೇಖನದಲ್ಲಿ ನಮ್ಮೂರೋರು ಹದಿನೇಳು ಸಲ ನಗ್ತಾರೆ. ಒಂದು ಸಲಾನೂ ಮಾತಾಡಲ್ಲ."

ಹಿಂದಿನ ಸಾಲಿನಲ್ಲಿ ಗದ್ದಲವೆದ್ದಿತು. "ಯಾರು? ನಾವಾ? ಮಾತಾಡಲ್ವಾ?" ಲೊಸಾಲಿನಿಗೆ ಇದಕ್ಕಿಂತ ದೊಡ್ಡ ಅವಮಾನ ಜನ್ಮದಲ್ಲಿ ಆಗಿರಲಿಲ್ಲ.

ಅತ್ತೆ ಪತ್ರಿಕೆ ಕಸಿದುಕೊಂಡಳು. ಚಿತ್ರ ಕಂಡಿತು. "ಇದು ನಾನು! ಆ ಕ್ಯಾಮೆರಾದವನು ತೆಗೆದದ್ದು! ಮುಕ್ಕಾಲು ಗಂಟೆ ನನ್ನ ಮುಂದೆ ನಿಂತಿದ್ದ ಕಣ್ರೇ! ಮಂಡಿನೋವು ಹೇಳಿದೆ, ಮಗಳ ಮದುವೆ ಹೇಳಿದೆ, ಬೆಳಗಿನ ಬಸ್ಸು ತಪ್ಪಿ ಟಮಾಟೆ ಹೊತ್ಕೊಂಡು ಎರಡು ಮೈಲಿ ನಡೆದದ್ದು ಹೇಳಿದೆ. ತಲೆ ತಲೆ ಆಡಿಸ್ದ. ಏನೂ ಬರೀಲಿಲ್ವಾ?"

"ಇಲ್ಲ ಅತ್ತೆ. 'ನಿಗೂಢ ನಗೆ' ಅಂತ ಬರೆದಿದಾನೆ."

"ನಿಗೂಢ? ಹಲ್ಲಲ್ಲಿ ಮರಗೆಣಸು ಸಿಕ್ಕೊಂಡಿತ್ತು ಕಣೋ!"

ಗೋಡೆಗೆ ಒತ್ತರಿಸಿಕೊಂಡಿದ್ದ ಹನ್ನೊಂದು ಮಂದಿಯೂ ನಕ್ಕರು. ಮೇಡಂ ನಗಲಿಲ್ಲ. "ಪೆನಾಯಾ, ಕೊನೇ ಪ್ರಶ್ನೆ. ಇವರನ್ನ 'ಪುರಾತನ ಮುದುಕಿ' ಅಂತ ಬರೆದಿದಾನಲ್ಲ. ಆ ಪದಾನ ತೂಗಿದ್ರಾ?"

ಅತ್ತೆಯ ಕೈ ಒಂದು ಟಮಾಟೆಯ ಮೇಲೆ ಹೋಗಿ ಕೂತಿತು. ತೂಗಿಲ್ಲ ಎಂದರೆ ಫೇಲು, ತೂಗಿದೆ ಎಂದರೆ ಟಮಾಟೆ. ಹೊರಗೆ ಮಳೆ ಸುರಿಯುತ್ತಿತ್ತು.

"ಅದು ಸುವಾದ ಪದ ಅಲ್ಲ ಮೇಡಂ, ಹೊರಗಿನ ಮಾಲು. ಆ ಮನುಷ್ಯ ಬರುವಾಗಲೇ ಜೇಬಲ್ಲಿ ಹಾಕ್ಕೊಂಡು ಬಂದಿದಾನೆ. ಬೇರೆ ಊರಿನ ಮಾರ್ಕೆಟ್ಟಲ್ಲಿ ಕೂತಿರೋ ಹೆಂಗಸಿನ ಮೇಲೂ ಅದನ್ನೇ ಇಡ್ತಾನೆ. ಅತ್ತೆ ಮುಖ ನೋಡಿ ಬರೆದಿದ್ರೆ ತೂಗ್ಬಹುದಿತ್ತು. ನೋಡೇ ಇಲ್ಲ, ಏನನ್ನ ತೂಗ್ಲಿ?"

ಅತ್ತೆ ಟಮಾಟೆ ಕೆಳಗಿಟ್ಟಳು. ತಲೆಯೆತ್ತಿ, ಚರ್ಚಿನಲ್ಲಿ ಮೊದಲ ದನಿ ತೆಗೆಯುವ ಗಂಟಲಿನಲ್ಲಿ ಹೇಳಿದಳು: "ಬರ್ಕೊಳಮ್ಮಾ, ಐವತ್ತಮೂರು! ಮರ್ಯಾದೆಯಿಂದ ಕೇಳಿದ್ರೆ ಹೇಳ್ತಿದ್ದೆ. ಹೀಗೆ ಯಾರೂ ಕೇಳಿರ್ಲಿಲ್ಲ."

"ನೀವೇ ಬರೀಬೇಕಾಗಿದ್ರೆ ನಮ್ಮ ಸುವಾ ಬಗ್ಗೆ ಏನು ಬರೀತಿದ್ರಿ?" ಎಂದು ಮೇಡಂ ಅವಳನ್ನೇ ಕೇಳಿದರು.

ಅತ್ತೆ ಕಿಟಕಿಯ ಕಡೆ ನೋಡಿದಳು. "ಮಳೆ ಬರುತ್ತೆ. ಟಮಾಟೆ ಒದ್ದೆಯಾಗುತ್ತೆ. ಆದ್ರೂ ಜನ ಬರ್ತಾರೆ."

ಮೇಡಂ ಎದ್ದು ಆ ಮೂರು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದರು. ನಾನು ಎಂಟನೆಯ ತರಗತಿಯವನು, ನನಗೆ ಶೈಲಿ ಗೊತ್ತಿಲ್ಲ. ಆದರೆ ನನ್ನ ಊರು ಹೀಗೆ ಬಿಳಿಯ ಅಕ್ಷರದಲ್ಲಿ ಬೋರ್ಡಿನ ಮೇಲೆ ನಿಂತದ್ದು ನೋಡಿ ನನಗೆ ಬಹಳ ಸಂತೋಷವಾಯಿತು. ಹೆಂಗಸರು ಒಬ್ಬೊಬ್ಬರಾಗಿ ನಗತೊಡಗಿದರು. ಯಾವ ಪರವಾನಗಿಯನ್ನೂ ಕೇಳಲಿಲ್ಲ.

"ಗುಡ್ಡೆಯ ಸಿದ್ಧಾಂತ ನಾನು ಪಾಠ ಮಾಡಿದ್ದಲ್ಲ," ಎಂದರು ಮೇಡಂ. "ಮುಂದಿನ ವರ್ಷದಿಂದ ಮಾಡ್ತೀನಿ. ಎರಡು ಸಲ ಫೇಲಾಗಿದ್ದ ಪೆನಾಯಾ ಈ ಸಲ ತರಗತಿಗೇ ಮೊದಲು."

ಚಪ್ಪಾಳೆಗೆ ಗಾಜು ನಡುಗಿತು. ಅತ್ತೆ ಟವೆಲ್ಲನ್ನು ಗಾಳಿಯಲ್ಲಿ ತಿರುಗಿಸಿದಳು. ನಲವತ್ತು ಹೆಂಗಸರ ಪೈಕಿ ಬಾಯಿ ಮುಚ್ಚಿ ನಿಂತಿದ್ದವಳು ಒಬ್ಬಳೇ. 'ಎರಡು ಸಲ ಫೇಲಾಗಿದ್ದ' ಎಂಬುದು ವಾಸೀತಿಯ ಕಿವಿಗೆ ಪೂರ್ತಿಯಾಗಿ, ಒಂದಕ್ಷರವೂ ಬಿಡದೆ ತಲುಪಿತ್ತು. ಅವಳು ಬಸ್ಸಿನಲ್ಲಿ ಮಾತಾಡಲಿಲ್ಲ, ಮನೆಯಲ್ಲಿ ಮಾತಾಡಲಿಲ್ಲ, ಶುಕ್ರವಾರ ಪೂರ್ತಿ ಮಾತಾಡಲಿಲ್ಲ. "ಕಕ್ಕಸು ತಪ್ಪಿತು ಬಿಸುನ್ ಭಾಯ್. ಆದರೆ ಇದು ಅದಕ್ಕಿಂತ ಕಷ್ಟ" ಎಂದ ಪೆನಾಯಾ.

ಶನಿವಾರ ಅರವತ್ತರ ಬದಲು ನೂರಾರು ಮಂದಿ ಬಂದರು. ಮಾರ್ಕೆಟ್ ಮಾಸ್ಟರ್ ವಿಲಿಸೋನಿ ಎರಡು ಸಲ ಬಡಿಸಿಕೊಂಡು, ಪೆನಾಯಾನ ಬೆನ್ನು ತಟ್ಟಿದ. ಹಂದಿಯ ವಿಷಯ ನಾನು ಹೇಳುವುದಿಲ್ಲ, ಅದು ಪಾಸಾಗಲಿಲ್ಲ. ಊಟ ಮುಗಿದು ಯಂಗೋನಾ ಚಿಪ್ಪು ಸುತ್ತು ಬರುವಾಗ ವಾಸೀತಿ ಎದ್ದು ನಿಂತಳು. ಪೆನಾಯಾ ಕೈಲಿದ್ದ ಚಿಪ್ಪು ಕೆಳಗಿಟ್ಟ.

"ಎಲ್ಲರೂ ಕೇಳಿ. ನನ್ನ ಗಂಡ ಬುದ್ಧಿವಂತ" ಎಂದಳು. ಜನ ಚಪ್ಪಾಳೆ ತಟ್ಟಿದರು. "ಶ್ರಮಜೀವಿ. ಮಳೇಲಿ ಎಂಟು ಗಂಟೆ ಕೂತು ಬಿಸಿಲು ಹುಡುಕಿದ ಧೀರ. ಅತ್ತೆ ವಯಸ್ಸು ಕೇಳಿದ ಶೂರ. ಅವರು ಕಡಿದು ಗುಡ್ಡೆ ಹಾಕೋದು ಏನೂ ಇಲ್ಲ ಅಂತ ಹತ್ತು ವರ್ಷದಿಂದ ಬೈತಾ ಇದ್ದೆ. ಗುಡ್ಡೆ ಹಾಕೇಬಿಟ್ರು." ಪೆನಾಯಾನ ಮುಖ ಅರಳಿತು. ವಾಸೀತಿ ಅವನ ಕಡೆ ತಿರುಗಿದಳು. "ಮತ್ತೆ ಹೆಂಡತಿ ಹತ್ತಿರ ಯಾವತ್ತೂ ಒಂದು ಸುಳ್ಳು ಹೇಳದ ಸತ್ಯವಂತ."

ಪೆನಾಯಾನಿಗೆ ಕೆಮ್ಮು ಬಂತು.

"ಕೊನೇದು ಮಾತ್ರ ಗುಡ್ಡೆಯ ಅಡೀದು," ಎಂದಳು ವಾಸೀತಿ. "ಇನ್ಸ್‌ಪೆಕ್ಟರೇ, ಬೇಕಾದ್ರೆ ಮಗುಚಿ ನೋಡ್ಕೊಳ್ಳಿ."

ಮೊದಲು ನಕ್ಕವಳು ಉಲಾಮಿಲಾ ಅತ್ತೆ. ಆಮೇಲೆ ಹಿತ್ತಲೇ ನಕ್ಕಿತು. ವಾಸೀತಿ ಗಂಡನ ಪಕ್ಕದಲ್ಲಿ ಕೂತು, ಅವನ ಟೈ ಬಿಚ್ಚಿ ಮಡಿಚಿಟ್ಟಳು. ಅವನೂ ನಕ್ಕ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಗೀಟಿನ ಪುಸ್ತಕ ಅವನ ಜೇಬಿನಲ್ಲೇ ಇತ್ತು. ಅಂದು ಎಷ್ಟು ಜನ ನಕ್ಕರು ಎಂದು ಎಣಿಸಲು ಅವನಿಗೆ ನೆನಪಾಗಲಿಲ್ಲ.